ಡಾಕ್ಟರ ತಿಥಿಗೆ ಬಂದವಳು

ಡಾಕ್ಟರು ತೀರಿಕೊಂಡ ಸುದ್ದಿ ಬಂದಾಗ ಕದಿರಮ್ಮ ಹೊಲದಲ್ಲಿ ರಾಗಿ ಕೊಯ್ಯುತ್ತಿದ್ದಳು. ದೊಡ್ಡಬಳ್ಳಾಪುರದಿಂದ ಗಾಡಿ ಹೊಡೆದುಕೊಂಡು ಬಂದ ಪಕ್ಕದ ಮನೆಯ ಪಿಳ್ಳಣ್ಣ ಎತ್ತುಗಳನ್ನು ದಾರಿಯಲ್ಲೇ ನಿಲ್ಲಿಸಿ, ಬದುವಿನ ಮೇಲೆ ಬಂದು ನಿಂತು, ತಲೆಗೆ ಸುತ್ತಿದ್ದ ಟವೆಲನ್ನು ಬಿಚ್ಚಿದ.

“ಆದಿನಾರಾಯಣಪ್ಪ ಡಾಕ್ಟ್ರು ಹೋಗ್ಬಿಟ್ರು ಕಣಕ್ಕ. ನೆನ್ನೆ ಎರಡು ಆಪರೇಷನ್ ಮುಗಿಸಿ ಕೈ ತೊಳೀತಾ ಇದ್ರಂತೆ. ಎದೆ ಹಿಡ್ಕೊಂಡು ಕೂತೋರು ಮತ್ತೆ ಏಳ್ಲಿಲ್ಲ.”

ಜೊತೆಗೆ ಕೊಯ್ಯುತ್ತಿದ್ದ ಹೆಂಗಸರು ಕುಡುಗೋಲು ಕೆಳಗಿಟ್ಟು ಸೆರಗನ್ನು ಬಾಯಿಗೆ ಹಿಡಿದರು. ಅವರಲ್ಲಿ ಒಬ್ಬಳು ಅಡ್ಡ ತಿರುಗಿದ್ದ ಕೂಸನ್ನು ಹೊಟ್ಟೆಯಲ್ಲಿಟ್ಟುಕೊಂಡು ಡಾಕ್ಟರ ಹತ್ತಿರ ಹೋಗಿ, ತಾಯಿ ಮಗು ಎರಡೂ ಜೀವ ಉಳಿಸಿಕೊಂಡು ಬಂದವಳು. ಇನ್ನೊಬ್ಬಳ ಗಂಡನ ಹೊಟ್ಟೆಯಿಂದ ಅವರು ತೆಂಗಿನಕಾಯಿಯಷ್ಟು ದೊಡ್ಡ ಗೆಡ್ಡೆ ತೆಗೆದಿದ್ದರು. ಕದಿರಮ್ಮ ಅಳಲಿಲ್ಲ. ಕೈಯಲ್ಲಿದ್ದ ಹಿಡಿಯನ್ನು ಕೊಯ್ದು ಸಾಲಿನ ಮೇಲೆ ಹಾಕಿ ಕೇಳಿದಳು.

“ತಿಥಿ ಯಾವತ್ತು?”

“ಹನ್ನೊಂದನೇ ದಿನಕ್ಕೆ. ಆಸ್ಪತ್ರೆ ಅಂಗಳದಾಗೇ ಮಾಡ್ತಾರಂತೆ. ಅವ್ರಿಗೆ ಹೆಂಡ್ತಿ ಮಕ್ಳು ಅಂತ ಯಾರವ್ರೆ? ಜನಾನೇ ಮಾಡ್ಬೇಕು.”

“ರಾಮಾಂಜಿ ಬತ್ತಾನಾ?”

ಪಿಳ್ಳಣ್ಣ ಟವೆಲನ್ನು ಮತ್ತೆ ತಲೆಗೆ ಸುತ್ತತೊಡಗಿದ. “ನಂಗೇನ್ ಗೊತ್ತಕ್ಕ,” ಎಂದ.

ಅವನಿಗೆ ಗೊತ್ತಿತ್ತು. ಕದಿರಮ್ಮನಿಗೂ ಗೊತ್ತಿತ್ತು. ರಾಮಾಂಜಿನಪ್ಪ ಬಂದೇ ಬರುತ್ತಾನೆ. ಜೀವ ಉಳಿಸಿದವರ ತಿಥಿಗೆ ಬಾರದಿರುವಷ್ಟು ಕೃತಘ್ನ ಅವನಲ್ಲ. ಅವನು ಬರೀ ಕೊಲೆಗಾರ.

ರಾಮಾಂಜಿನಪ್ಪ ಕದಿರಮ್ಮನ ಗಂಡ ಅಪ್ಪಯ್ಯಣ್ಣನಿಗೆ ಚಿಕ್ಕಪ್ಪನ ಮಗ. ಮಧುರೆಯ ಹತ್ತಿರದ ಆ ಹಳ್ಳಿಯಲ್ಲಿ ಇಬ್ಬರ ಗದ್ದೆಗಳೂ ಕೆರೆಯ ಕೆಳಗೆ ಒಂದಕ್ಕೊಂದು ಅಂಟಿಕೊಂಡಿದ್ದವು. ಆರು ವರ್ಷದ ಹಿಂದೆ, ಸಾವಿರದ ಒಂಬೈನೂರ ನಲವತ್ತೆರಡರ ಬೇಸಿಗೆಯಲ್ಲಿ, ಕೆರೆಯ ನೀರು ತಳ ಕಂಡಾಗ ಜಗಳ ಹತ್ತಿತು. ಅಪ್ಪಯ್ಯಣ್ಣನ ಸರದಿಯ ದಿನ ರಾಮಾಂಜಿನಪ್ಪ ಕಾಲುವೆ ಒಡೆದು ನೀರನ್ನು ತನ್ನ ಗದ್ದೆಗೆ ತಿರುಗಿಸಿಕೊಂಡ. ಅಪ್ಪಯ್ಯಣ್ಣ ಹೋಗಿ ಮಣ್ಣು ಹಾಕಿ ಮುಚ್ಚಿದ. ಮಾತಿಗೆ ಮಾತು ಬೆಳೆಯಿತು.

ಮಧ್ಯಾಹ್ನದ ಬುತ್ತಿ ಹೊತ್ತು ಬರುತ್ತಿದ್ದ ಕದಿರಮ್ಮ ಕೆರೆಯ ಏರಿ ಇಳಿಯುವಾಗ, ತನ್ನ ಗಂಡ ಕೆಸರಿನಲ್ಲಿ ಮಂಡಿಯೂರಿ ಕೂರುವುದನ್ನು ಕಂಡಳು. ಅವನ ಎಡಪಕ್ಕೆಯಲ್ಲಿ, ಎಲುಬಿನ ಕೆಳಗೆ, ಚೂರಿಯ ಹಿಡಿ ಕಾಣುತ್ತಿತ್ತು. ಎದುರಿಗೆ ರಾಮಾಂಜಿನಪ್ಪ ತನ್ನ ಬರಿಗೈಯನ್ನೇ ನೋಡಿಕೊಳ್ಳುತ್ತಾ ನಿಂತಿದ್ದ. ಹತ್ತಿರದಲ್ಲಿ ಬೇರೆ ಯಾರೂ ಇರಲಿಲ್ಲ. ಅವಳು ಬುತ್ತಿ ಬಿಸಾಡಿ ಓಡಿದಳು. ಗಂಡನ ಪಕ್ಕೆಯಿಂದ ಚೂರಿಯನ್ನು ಕಿತ್ತು, ಅದೇ ಚೂರಿಯನ್ನು ರಾಮಾಂಜಿನಪ್ಪನ ಹೊಟ್ಟೆಗೆ ಹಾಕಿದಳು. ಒಂದು ಸಲವಲ್ಲ, ಎರಡು ಸಲ. ಆಮೇಲಷ್ಟೇ ಅವಳ ಗಂಟಲಿನಿಂದ ಕೂಗು ಹೊರಟಿತು.

ಕೂಗು ಕೇಳಿ ಬಂದ ಪಿಳ್ಳಣ್ಣ ತನ್ನ ಒಂದೇ ಗಾಡಿಯಲ್ಲಿ ಇಬ್ಬರನ್ನೂ ಮಲಗಿಸಿದ. ಎಂಟು ಮೈಲಿ ದಾರಿ. ಕದಿರಮ್ಮ ಇಬ್ಬರ ನಡುವೆ ಕೂತಿದ್ದಳು. ಗಂಡನ ಪಕ್ಕೆಗೆ ಒತ್ತಿ ಹಿಡಿದಿದ್ದ ಸೆರಗು ನೆನೆದು, ರಕ್ತ ಗಾಡಿಯ ಹಲಗೆಯ ಸಂದಿನಿಂದ ದಾರಿಗೆ ತೊಟ್ಟಿಕ್ಕುತ್ತಿತ್ತು. ದಾರಿಯುದ್ದಕ್ಕೂ ಅವಳು ಮನೆದೇವರಿಗೆ ಎರಡು ಹರಕೆ ಹೊತ್ತಳು. ಇವನು ಉಳಿಯಲಿ. ಅವನು ಆಸ್ಪತ್ರೆ ಮುಟ್ಟುವುದರೊಳಗೆ ಸಾಯಲಿ. ದೇವರಿಗೆ ಅವಳ ಮಾತು ತಿರುಗುಮುರುಗಾಗಿ ಕೇಳಿಸಿತು.

ಆಸ್ಪತ್ರೆ ಇದ್ದದ್ದು ದೊಡ್ಡಬಳ್ಳಾಪುರದ ಹೊರಗೆ, ರೈಲು ನಿಲ್ದಾಣದ ದಾರಿಯಲ್ಲಿ. ಹದಿನಾರು ಮಂಚಗಳ ಹೆಂಚಿನ ಕಟ್ಟಡ. ಡಾಕ್ಟರ್ ಆದಿನಾರಾಯಣಪ್ಪ ದೇವನಹಳ್ಳಿ ಕಡೆಯ ಒಕ್ಕಲು ಮನೆತನದವರು. ಮೊದಲನೇ ಮಹಾಯುದ್ಧದಲ್ಲಿ ಕಡಲಾಚೆಯ ಬಸ್ರಾದ ಸೈನ್ಯದ ಆಸ್ಪತ್ರೆಯಲ್ಲಿ ಎರಡು ವರ್ಷ ಬರೀ ಕೈಕಾಲು ಕತ್ತರಿಸಿದ್ದರು. ಅಲ್ಲಿಂದ ಬಂದ ಮೇಲೆ ಬೆಂಗಳೂರಿನಲ್ಲಿ ಉಳಿಯದೆ, ಪೇಟೆಯ ಜನರನ್ನು ಕಾಡಿ ಬೇಡಿ ಈ ಆಸ್ಪತ್ರೆ ಕಟ್ಟಿಸಿದರು. ಹೊಡೆದಾಟದಲ್ಲಿ ಗಾಯಗೊಂಡು ಬಂದವನನ್ನು ಹೊಲಿದು ಕಳಿಸಿ ಸುಮ್ಮನೆ ಕೂರುವವರಲ್ಲ ಅವರು. ಸೈಕಲ್ಲು ಹತ್ತಿ ಅವನ ಊರಿಗೇ ಹೋಗಿ, ಹೊಡೆದವನನ್ನೂ ಹೊಡೆಸಿಕೊಂಡವನನ್ನೂ ಎದುರುಬದುರು ಕೂರಿಸುತ್ತಿದ್ದರು. “ನಾನು ಹೊಲೀತೀನಿ, ನೀವು ಮತ್ತೆ ಕುಯ್ಕೊಂಡು ಬರ್ತೀರಿ. ನನಗೇನು ದಾರ ಪುಗಸಟ್ಟೆ ಸಿಗುತ್ತಾ?” ಎಂದು ಬೈಯುತ್ತಿದ್ದರು.

ಆ ದಿನ ಅವರು ಗಾಡಿಯ ಹತ್ತಿರ ಬಂದು ಅಪ್ಪಯ್ಯಣ್ಣನ ಕುತ್ತಿಗೆಗೆ ಬೆರಳಿಟ್ಟರು. ರೆಪ್ಪೆ ಎತ್ತಿ ನೋಡಿದರು. ಆಮೇಲೆ ರಾಮಾಂಜಿನಪ್ಪನ ಕಡೆ ತಿರುಗಿ, “ಇವನನ್ನ ಒಳಗೆ ತಗೊಳ್ಳಿ, ಬೇಗ,” ಎಂದರು.

ಕದಿರಮ್ಮ ಅವರ ಕೋಟನ್ನು ಹಿಡಿದುಕೊಂಡಳು. “ಇವ್ರನ್ನ ನೋಡಿ ಸ್ವಾಮಿ! ಇವ್ರನ್ನ ಮೊದ್ಲು ನೋಡಿ!”

“ಇವನಿಗೆ ನಾನು ಮಾಡೋದು ಏನೂ ಉಳಿದಿಲ್ಲ ತಾಯಿ. ಅವನಿಗೆ ಉಳಿದಿದೆ.”

“ಅವನಿಗೆ ಏನೂ ಮಾಡಬ್ಯಾಡಿ. ಅದೇ ಚೂರಿ ಕಿತ್ತು ಅವನನ್ನ ನಾನೇ ಚುಚ್ಚಿದ್ದು. ಸಾಯ್ಲಿ ಅಂತಾನೇ ಚುಚ್ಚಿದ್ದು!”

ಆ ಮಾತು ಡಾಕ್ಟರಿಗೂ, ಅವರ ಹಿಂದೆ ನಿಂತಿದ್ದ ನರ್ಸ್ ರುಕ್ಮಿಣಮ್ಮನಿಗೂ ಕೇಳಿಸಿತು. ಡಾಕ್ಟರು ತಮ್ಮ ಕೋಟನ್ನು ಅವಳ ಬೆರಳುಗಳಿಂದ ಒಂದೊಂದಾಗಿ ಬಿಡಿಸಿಕೊಂಡರು. “ಈ ಮಾತನ್ನ ಇನ್ನೊಂದು ಸಲ ಯಾರ ಮುಂದೆಯೂ ಆಡಬೇಡ,” ಎಂದು ಒಳಗೆ ಹೋದರು. ಮೂರು ಗಂಟೆ ಹೊತ್ತು ಬಾಗಿಲು ತೆರೆಯಲಿಲ್ಲ. ಜಗಲಿಯಲ್ಲಿ ಗಂಡನ ಹೆಣದ ಪಕ್ಕ ಕೂತಿದ್ದ ಕದಿರಮ್ಮನಿಗೆ, ಒಳಗೆ ಅವರು ಆ ಪಾಪಿಯ ಕರುಳನ್ನು ಕೂಡಿಸಿ ಹೊಲಿಯುತ್ತಿದ್ದಾರೆ ಎಂಬ ಒಂದೇ ಯೋಚನೆ. ಸಂಜೆ ರುಕ್ಮಿಣಮ್ಮ ಹೊರಗೆ ಬಂದಾಗ, ಅವಳ ಮುಖ ನೋಡಿಯೇ ರಾಮಾಂಜಿನಪ್ಪ ಬದುಕಿದ ಎಂದು ಗೊತ್ತಾಯಿತು.

“ನಾನು ಸಾಯಿಸಿದೋನ್ನ ಎಬ್ಬಿಸಿ ಕೂರಿಸಿದ್ರಲ್ಲ,” ಎಂದು ಕದಿರಮ್ಮ ಮುಚ್ಚಿದ ಬಾಗಿಲಿಗೆ ಕೂಗಿದಳು. “ಆ ಕೈ ಸೇದೋಗ್ಲಿ!”

ಪೊಲೀಸರು ಬಂದರು. ಅಪ್ಪಯ್ಯಣ್ಣನೇ ಚೂರಿ ಕಿತ್ತುಕೊಂಡು ತನಗೆ ಹಾಕಿದನೆಂದು ರಾಮಾಂಜಿನಪ್ಪ ಹೇಳಿಕೆ ಕೊಟ್ಟ. ಹೆಂಗಸಿನ ಕೈಯಲ್ಲಿ ತಿವಿಸಿಕೊಂಡೆ ಎನ್ನುವುದಕ್ಕಿಂತ ಅದು ಅವನಿಗೆ ಮರ್ಯಾದೆ. ಅದೂ ಅಲ್ಲದೆ, ಇಬ್ಬರೂ ಹೊಡೆದಾಡಿದೆವು ಎಂದರೆ ಶಿಕ್ಷೆ ಕಡಿಮೆಯಾಗುತ್ತದೆ ಎಂದು ಅವನ ಕಡೆಯವರು ಹೇಳಿಕೊಟ್ಟಿದ್ದರು. ಡಾಕ್ಟರನ್ನು ಪೊಲೀಸರು ಕೇಳಿದ್ದು ಗಾಯದ ಆಳ, ಅಗಲ. ಅವರು ಅಷ್ಟನ್ನೇ ಬರೆದುಕೊಟ್ಟರು.

ರಾಮಾಂಜಿನಪ್ಪ ಇಪ್ಪತ್ತೈದು ದಿನ ಆಸ್ಪತ್ರೆಯಲ್ಲಿದ್ದ. ಬಾಗಿಲಲ್ಲಿ ಒಬ್ಬ ಪೇದೆ. ಗಂಡನ ತಿಥಿ ಮುಗಿದ ಮಾರನೇ ದಿನ ಕದಿರಮ್ಮ ಕಣಗಿಲೆಯ ಬೇರು ಅರೆದು ರಾಗಿ ಅಂಬಲಿಗೆ ಬೆರೆಸಿ, ಮಡಕೆಯ ಬಾಯಿಗೆ ಬಟ್ಟೆ ಕಟ್ಟಿಕೊಂಡು ಎಂಟು ಮೈಲಿ ನಡೆದಳು. ರಾಮಾಂಜಿಯ ಮನೆಯವರು ಕೊಟ್ಟು ಕಳಿಸಿದ್ದು ಎಂದು ಪೇದೆಯ ಕೈಗೆ ಕೊಡುತ್ತಿದ್ದಾಗ ಡಾಕ್ಟರು ಬಂದರು. ಮಡಕೆ ತೆಗೆದುಕೊಂಡು ಮೂಸಿದರು. ಅವಳ ಮುಖ ನೋಡಿದರು. ಪೇದೆಗೆ ಏನೂ ಹೇಳದೆ ಹಿತ್ತಿಲಿಗೆ ಹೋಗಿ ಗುಂಡಿ ತೋಡಿ ಅಂಬಲಿ ಸುರಿದು ಮುಚ್ಚಿದರು. ಕದಿರಮ್ಮ ಹಿಂದೆಯೇ ಹೋಗಿ ನಿಂತಿದ್ದಳು.

“ಈ ಮಡಕೆ ಮನೆಗೆ ತಗೊಂಡ್ಹೋಗಬೇಡ, ಇಲ್ಲೇ ಒಡೀತೀನಿ,” ಎಂದರು. “ಮಗು ಇರೋ ಮನೆ. ತೊಳೆದ್ರೂ ಹೋಗಲ್ಲ ಅದು.”

“ಪೊಲೀಸ್ರಿಗೆ ಹೇಳಿ. ಹಿಡ್ಕೊಂಡು ಹೋಗ್ಲಿ ನನ್ನ.”

“ಹೇಳಲ್ಲ.”

“ಯಾಕೆ? ಪುಣ್ಯ ಬರ್ತದೆ ಅಂತನಾ ನಿಮ್ಗೆ? ಒಬ್ಬ ಕೊಲೆಗಾರನ್ನ ಉಳಿಸಿದ್ದು ಸಾಲ್ದು ಅಂತ ಇನ್ನೊಬ್ಬಳನ್ನ ಉಳಿಸ್ತೀರಾ?”

ಡಾಕ್ಟರು ಮಡಕೆಯನ್ನು ಕಲ್ಲಿಗೆ ಬಡಿದು ಚೂರು ಮಾಡಿದರು. “ಬಿಸಿಲು ಏರ್ತಾ ಇದೆ. ರುಕ್ಮಿಣಮ್ಮನ ಹತ್ರ ಮಜ್ಜಿಗೆ ಇಸ್ಕೊಂಡು ಕುಡಿದು ಹೋಗು,” ಎಂದಷ್ಟೇ ಹೇಳಿದರು. ಅವಳು ಕುಡಿಯಲಿಲ್ಲ. ಅವರ ಕಾಲ ಬಳಿ ಮಣ್ಣಿಗೆ ಉಗುಳಿ ಹೊರಟಳು.

ಬೆಂಗಳೂರಿನ ಕೋರ್ಟಿನಲ್ಲಿ ವಿಚಾರಣೆ ನಡೆಯಿತು. ಕದಿರಮ್ಮನೂ ಸಾಕ್ಷಿಯಾದ್ದರಿಂದ, ಡಾಕ್ಟರು ಸಾಕ್ಷಿ ಹೇಳುವಾಗ ಅವಳನ್ನು ಹೊರಗೆ ಮರದ ಕೆಳಗೆ ಕೂರಿಸಿದ್ದರು. ಒಳಗೆ ಏನು ನಡೆಯಿತೆಂದು ಅವಳಿಗೆ ತಿಳಿಯಲಿಲ್ಲ. ಏಳು ವರ್ಷ ಸಜೆ ಎಂದು ತೀರ್ಪಾದಾಗ, ಅವಳು ಅದನ್ನು ಬೆರಳಲ್ಲಿ ಎಣಿಸಿ, “ಅಷ್ಟೇನಾ?” ಎಂದಳು. ನೇಣಿನ ಮಾತು ಯಾರೂ ಆಡಲಿಲ್ಲ. ಅವತ್ತೇ ಅವಳು ತೀರ್ಮಾನ ಮಾಡಿದಳು. ಅವನು ಹೊರಗೆ ಬರಲಿ, ಕಾಯುತ್ತೇನೆ.

ಆಮೇಲೆ ಡಾಕ್ಟರು ಊರಿಗೆ ಬರತೊಡಗಿದರು. ದಾಯಾದಿಗಳ ಎರಡು ಕಡೆಯೂ ದೊಣ್ಣೆ ಮಸೆಯುತ್ತಿದ್ದ ಕಾಲ ಅದು. ಡಾಕ್ಟರು ಕೆರೆಯ ತೂಬಿನ ಕಲ್ಲಿನ ಮೇಲೆ ಮೂರು ದಿನ ಕೂತರು. ಒಂದು ಕಡೆಯವರು ಕೊಟ್ಟದ್ದನ್ನು ತಿಂದರು, ಇನ್ನೊಂದು ಕಡೆಯವರು ಹಾಸಿದ ಚಾಪೆಯಲ್ಲಿ ಮಲಗಿದರು, ಕೊನೆಗೆ ನೀರಿನ ಸರದಿಯನ್ನು ಹೊತ್ತಿನ ಲೆಕ್ಕದಲ್ಲಿ ಹಂಚಿ ಎರಡೂ ಕಡೆಯ ಗಂಡಸರಿಂದ ಮಾತು ತೆಗೆದುಕೊಂಡರು. ರಾಜಿಯಾದ ದಿನ ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಂಡರು. ಕದಿರಮ್ಮ ಬಾಗಿಲು ಹಾಕಿಕೊಂಡು ಒಳಗೇ ಇದ್ದಳು. ಅವಳ ಅತ್ತೆ ಪಿಳ್ಳಮ್ಮ, ಮಗನನ್ನು ಕಳೆದುಕೊಂಡವಳು, ಹೋಗಿ ಉಂಡು ಬಂದಳು. ಅದಕ್ಕಾಗಿ ಸೊಸೆ ಅತ್ತೆಯೊಡನೆ ಒಂದು ತಿಂಗಳು ಮಾತು ಬಿಟ್ಟಳು.

ನಲವತ್ತೈದರಲ್ಲಿ ಕದಿರಮ್ಮನ ಒಂಬತ್ತು ವರ್ಷದ ಮಗಳು ಲಕ್ಷ್ಮೀದೇವಿ ಹುಣಸೆಮರದಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡಳು. ಕದಿರಮ್ಮ ನಾಟಿ ಕಟ್ಟು ಕಟ್ಟಿಸಿದಳು. ಕಾಲು ಊದಿ ನೀಲಿಯಾಯಿತು. “ಆ ಆಸ್ಪತ್ರೆ ಹೊಸಲು ತುಳಿಯಲ್ಲ,” ಎಂದು ಹಟ ಹಿಡಿದಳು. ಪಿಳ್ಳಮ್ಮ ಸೊಸೆಯನ್ನು ಕೇಳದೆ ಮೊಮ್ಮಗಳನ್ನು ಗಾಡಿಗೆ ಹಾಕಿಸಿಕೊಂಡು ಹೋದಳು. ಬೇರೆ ದಾರಿಯಿಲ್ಲದೆ ಹಿಂದೆ ಹೋದ ಕದಿರಮ್ಮ, ಆಸ್ಪತ್ರೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತಳು. ಡಾಕ್ಟರು ಮೂಳೆ ಕೂರಿಸಿ, ಕಾಲಿಗೆ ತೂಕ ಕಟ್ಟಿ, ಅವಳ ಬೆನ್ನ ಹಿಂದೆ ಬಂದು ನಿಂತರು.

“ನನ್ನ ಮೇಲೆ ಕೋಪ ಇರ್ಲಿ ಕಣಮ್ಮ. ಮಗು ಕಾಲಿನ ಮೇಲೆ ಬೇಡ.”

ಅವಳು ತಿರುಗಲಿಲ್ಲ. ಎರಡು ತಿಂಗಳು ಮಗಳ ಮಂಚದ ಕೆಳಗೆ ಮಲಗಿದಳು. ದಿನಕ್ಕೆರಡು ಸಲ ಡಾಕ್ಟರು ಬಂದು ಹೋದರೂ ಒಂದು ಮಾತು ಆಡಲಿಲ್ಲ. ಮಗಳು ಕುಂಟದೆ ನಡೆದು ಮನೆಗೆ ಬಂದಳು. ಕದಿರಮ್ಮನ ಎದೆಯಲ್ಲಿ ಒಂದಿಷ್ಟೂ ಕರಗಲಿಲ್ಲ. ಕಟುಕ ಒಂದು ಕುರಿಮರಿಗೆ ಸೊಪ್ಪು ಹಾಕಿದರೆ ಅವನು ಕಟುಕನಲ್ಲವೇ, ಎಂದು ತನಗೆ ತಾನೇ ಹೇಳಿಕೊಂಡಳು.

ನಲವತ್ತೆಂಟರ ಆಷಾಢದಲ್ಲಿ ರಾಮಾಂಜಿನಪ್ಪ ಬಿಡುಗಡೆಯಾದ. ನಡತೆ ಒಳ್ಳೆಯದಿತ್ತೆಂದು ಒಂದು ವರ್ಷ ಮೊದಲೇ ಬಿಟ್ಟಿದ್ದರು. ಊರಿಗೆ ಬರಲಿಲ್ಲ. ನೆಲಮಂಗಲದ ಕಡೆ, ಸೋಂಪುರದ ಅಕ್ಕನ ಮನೆ ಸೇರಿಕೊಂಡ. ಅಲ್ಲಿ ಅವನ ಕಡೆಯವರು ಹತ್ತಾರು ಮನೆ. ಅಲ್ಲಿಗೆ ಹೋಗಿ ಅವನನ್ನು ಮುಟ್ಟಿ ಬರುವುದು ಒಂಟಿ ಹೆಂಗಸಿಗೆ ಆಗದ ಮಾತು. ಹಾಗಾಗಿ ಅವಳು ಕಾದಳು. ಡಾಕ್ಟರು ಸತ್ತ ಸುದ್ದಿ ಬಂದ ದಿನ, ಬದುಕಿದ್ದಾಗ ತನ್ನ ಕೈ ತಪ್ಪಿಸಿದ ಮನುಷ್ಯ ಸತ್ತು ರಾಮಾಂಜಿಯನ್ನು ತನ್ನ ಕೈಗೆ ತಂದುಕೊಡುತ್ತಿದ್ದಾನೆ ಎನ್ನಿಸಿತು.

ತಿಥಿಯ ದಿನ ಒಬ್ಬೊಬ್ಬರೂ ಅಡುಗೆಗೆ ಏನಾದರೊಂದು ತಂದಿದ್ದರು. ಕದಿರಮ್ಮ ಒಂದು ಕುಕ್ಕೆ ಅವರೆಕಾಯಿ ತಂದಳು. ಕಾಯಿಯ ಕೆಳಗೆ ಕುಡುಗೋಲು.

ಆಸ್ಪತ್ರೆಯ ಅಂಗಳದಲ್ಲಿ ತೆಂಗಿನ ಗರಿಯ ಚಪ್ಪರ ಹಾಕಿ, ಮೇಜಿನ ಮೇಲೆ ಡಾಕ್ಟರ ಫೋಟೋ ಇಟ್ಟು ಹಾರ ಹಾಕಿದ್ದರು. ಪಕ್ಕದಲ್ಲಿ ಅವರ ಸೈಕಲ್ಲು. ಜನ ಸಾವಿರದ ಮೇಲೆ ಸೇರಿತ್ತು. ಪೇಟೆಯ ನೇಕಾರನೊಬ್ಬ, ಮಗ್ಗಕ್ಕೆ ಸಿಕ್ಕಿ ಜಜ್ಜಿಹೋಗಿದ್ದ ತನ್ನ ಕೈಯನ್ನು ಎತ್ತಿ ತೋರಿಸಿ ಅಳುತ್ತಿದ್ದ. ಅಮ್ಮಯಮ್ಮ ಎಂಬ ಹಣ್ಣುಮುದುಕಿ ಸೈಕಲ್ಲಿನ ಸೀಟನ್ನು ಸವರಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಕಾಲರಾ ಬಂದ ವರ್ಷ ಅವಳ ಊರಲ್ಲಿ ಹೆಣ ಎತ್ತಲು ಜನ ಸಿಗದಿದ್ದಾಗ ಡಾಕ್ಟರೇ ಹೆಗಲು ಕೊಟ್ಟರೆಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಬದ್ಧವೈರಿಗಳಾಗಿದ್ದ ಎರಡು ಊರಿನವರು ಒಟ್ಟಿಗೆ ಸೌದೆ ಸೀಳುತ್ತಿದ್ದರು. ಕದಿರಮ್ಮ ಇದ್ಯಾವುದನ್ನೂ ನಿಂತು ನೋಡಲಿಲ್ಲ. ಅವಳ ಕಣ್ಣು ಒಂದು ಮುಖವನ್ನಷ್ಟೇ ಹುಡುಕುತ್ತಿತ್ತು.

ಅವನು ಚಪ್ಪರದಲ್ಲಿರಲಿಲ್ಲ. ಹಿತ್ತಿಲ ಬಾವಿಯಲ್ಲಿ ಒಬ್ಬನೇ ಅಡುಗೆಗೆ ನೀರು ಸೇದುತ್ತಿದ್ದ. ಕೂದಲು ನೆರೆತಿತ್ತು, ಹೆಗಲು ಇಳಿದಿತ್ತು. ಅವನು ಮುದುಕನಾಗಿದ್ದು ಕಂಡು ಕದಿರಮ್ಮನಿಗೆ ಹೊಟ್ಟೆ ಉರಿಯಿತು. ತನ್ನ ಗಂಡನಿಗೆ ನೆರೆಯುವುದಕ್ಕೂ ಆಯಸ್ಸು ಸಿಗಲಿಲ್ಲ.

ಕುಕ್ಕೆ ಕೆಳಗಿಟ್ಟು ಕುಡುಗೋಲು ತೆಗೆದಳು.

“ರಾಮಾಂಜಿ.”

ಅವನು ಹಗ್ಗ ಹಿಡಿದೇ ತಿರುಗಿದ. “ಅತ್ತಿಗೆ…”

“ಹಂಗನ್ನಬ್ಯಾಡ. ಅತ್ತಿಗೆ ಅನ್ನೋಕೆ ಅಣ್ಣ ಇರ್ಬೇಕು.”

ಅವಳು ಕುತ್ತಿಗೆಗೆ ಬೀಸಿದಳು. ಅವನು ಕೈ ಅಡ್ಡ ಹಿಡಿದ. ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಬಾಯಿ ಬಿಟ್ಟಿತು. ಬಿಂದಿಗೆ ಬಾವಿಯೊಳಕ್ಕೆ ಬಿದ್ದು ಸದ್ದಾಯಿತು. ಅವನು ಓಡಲಿಲ್ಲ. ಬಾವಿಯ ಕಟ್ಟೆಗೆ ಬೆನ್ನು ಕೊಟ್ಟು ನಿಂತ. ಅವಳು ಮತ್ತೆ ಕುಡುಗೋಲು ಎತ್ತಿದಾಗ ಅವನ ಬಾಯಿಂದ ಮಾತು ಸಿಡಿಯಿತು.

“ಚುಚ್ಚಿದ್ದು ನಾನು! ಆದ್ರೆ ಸಾಯಿಸಿದ್ದು ನೀನು!”

ಎತ್ತಿದ ಕೈ ಅಲ್ಲೇ ನಿಂತಿತು.

“ಚೂರಿ ಕಿತ್ತೋಳು ನೀನು. ಕೀಳದೇ ಇದ್ದಿದ್ರೆ ಅಣ್ಣ ಆಸ್ಪತ್ರೆ ತನಕ ಜೀವ ಹಿಡ್ಕೊಂಡಿರ್ತಿದ್ದ. ಅದನ್ನ ಕಿತ್ತಿದ್ದಕ್ಕೇ ರಕ್ತ ಎಲ್ಲ ಸೋರಿ ಸತ್ತೋದ. ಡಾಕ್ಟ್ರೇ ಅಂದಿದ್ದು. ನನ್ನ ಮಂಚದ ಹತ್ರ ನಿಂತು ಅಂದಿದ್ದು. ನಾನು ನಿದ್ದೆ ಮಾಡ್ತಿದೀನಿ ಅಂದ್ಕಂಡಿದ್ರು.”

“ಸುಳ್ಳು ಬೊಗಳಬ್ಯಾಡ!”

“ರುಕ್ಮಿಣಮ್ಮನ್ನ ಕೇಳು. ಅವ್ರ ಕೂಟೇನೇ ಅಂದಿದ್ದು.”

ಸದ್ದು ಕೇಳಿ ರುಕ್ಮಿಣಮ್ಮ ಹಿತ್ತಿಲ ಬಾಗಿಲಿಗೆ ಬಂದಿದ್ದಳು. ಆಕೆಗೂ ಐವತ್ತು ದಾಟಿತ್ತು. ಕೂಗಾಡಲಿಲ್ಲ. ನೇರವಾಗಿ ಬಂದು ಕದಿರಮ್ಮನ ಕೈಯಿಂದ ಕುಡುಗೋಲು ಕಸಿದುಕೊಂಡು, ರಾಮಾಂಜಿನಪ್ಪನ ಕೈಯನ್ನು ತನ್ನ ಸೆರಗಿನಿಂದ ಬಿಗಿದು, ಒಳಗೆ ಕರೆದೊಯ್ದು ಹಲಗೆಯ ಮೇಲೆ ಕೂರಿಸಿದಳು. ಕದಿರಮ್ಮ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಳು.

“ಇವನು ಹೇಳೋದು ನಿಜಾನಾ?”

“ಮೊದ್ಲು ಕೈ. ಆಮೇಲೆ ಮಾತು. ಹೊಲಿಯೋಕೆ ಇನ್ನು ಅವ್ರಿಲ್ಲ, ನಾನೇ ಹೊಲೀಬೇಕು. ನೀನು ಬಂದು ಈ ತೋಳು ಹಿಡ್ಕೊ. ಅಲ್ಲಾಡಬಾರ್ದು.”

“ಇವನ್ನ ನಾನು ಮುಟ್ಟಲ್ಲ.”

“ಕುಯ್ಯೋವಾಗ ಮುಟ್ಟಿದೀಯಲ್ಲ. ಹಿಡ್ಕೊ.”

ಕದಿರಮ್ಮ ಹಿಡಿದುಕೊಂಡಳು. ಉಗುರು ಇಳಿಯುವಷ್ಟು ಗಟ್ಟಿಯಾಗಿ ಹಿಡಿದುಕೊಂಡಳು. ರುಕ್ಮಿಣಮ್ಮ ಗಾಯ ತೊಳೆದು ಸೂಜಿಗೆ ದಾರ ಪೋಣಿಸಿದಳು. ಎರಡು ಹೊಲಿಗೆ ಹಾಕಿದ ಮೇಲೆ, ತಲೆ ಎತ್ತದೆ ಹೇಳತೊಡಗಿದಳು.

“ನಿಜ. ನಿನ್ನ ಗಂಡನ ಗಾಯ ನೋಡಿ ಬಂದು ಡಾಕ್ಟ್ರು ನನ್ನ ಹತ್ರ ಹೇಳಿದ್ರು. ಚೂರಿ ಅಲ್ಲೇ ಇದ್ದಿದ್ರೆ ಅದೇ ಬಿರಡೆ ಥರ ರಕ್ತ ತಡೀತಿತ್ತು. 'ಎಂಟು ಮೈಲಿ ತಾಳ್ತಿದ್ದ, ನಾನು ಉಳಿಸ್ಕೋತಿದ್ದೆ' ಅಂದ್ರು. ಕೋರ್ಟಲ್ಲಿ ಇವನ ಲಾಯರು ಅದನ್ನೇ ಕೇಳಿದ. ಚೂರಿ ಕೀಳದೆ ಇದ್ದಿದ್ರೆ ಬದುಕ್ತಿದ್ನಾ ಅಂತ. ಖಂಡಿತವಾಗಿ ಹೇಳೋಕೆ ಬರಲ್ಲ ಅಂದುಬಿಟ್ರು. 'ಹೌದು' ಅಂದಿದ್ರೆ, ಕಿತ್ತೋರು ಯಾರು ಅಂತ ಕೆದಕ್ತಿದ್ರು. ನಿನ್ನ ಹೆಸರು ಬರ್ತಿತ್ತು. ನಿನ್ನ ಕಿವಿಗೂ ಬೀಳ್ತಿತ್ತು. ಪ್ರಮಾಣ ಮಾಡಿ ಅವ್ರು ಅರ್ಧ ಮಾತಾಡಿದ್ದು ಅದೊಂದೇ ಸಲ. ಅವತ್ತು ರಾತ್ರಿ ಊಟ ಮಾಡ್ಲಿಲ್ಲ.”

“ಯಾಕೆ? ನಂಗೆ ಯಾಕೆ ಹೇಳ್ಲಿಲ್ಲ?”

“ನಾನೂ ಕೇಳ್ದೆ. ಊರೆಲ್ಲಾ ಕೈಮುಗಿಯೋವಾಗ ಅವಳೊಬ್ಬಳು ಉಗೀತಾಳೆ, ನಿಜ ಹೇಳಿಬಿಡಿ ಅಂದೆ. 'ಗಂಡನ್ನ ಕಳ್ಕೊಂಡೋಳಿಗೆ, ನಿನ್ನ ಕೈಯಿಂದಲೇ ಹೋದ ಅಂತ ಹೇಳೋದಾ? ಅವಳಿಗೆ ಬೈಯೋಕೆ ಯಾರಾದ್ರೂ ಬೇಕು. ನನ್ನನ್ನೇ ಬೈಲಿ, ನಾನು ತಡ್ಕೋತೀನಿ' ಅಂದ್ರು.”

ರಾಮಾಂಜಿನಪ್ಪ ಹಲ್ಲು ಕಚ್ಚಿ ಸುಮ್ಮನಿದ್ದವನು ಈಗ ಅಳತೊಡಗಿದ. “ಜೈಲಿಗೆ ಬಂದಿದ್ರು. 'ನನ್ನ ಮಾತಿಂದ ನಿಂಗೆ ಎರಡು ವರ್ಷ ಜಾಸ್ತಿ ಆಗಿರಬಹುದು, ತಪ್ಪಾಯ್ತು' ಅಂತ ನಂಗೆ ಕೈ ಮುಗಿದ್ರು. 'ಅವಳಿಗೆ ಮಾತ್ರ ಹೇಳ್ಬೇಡ' ಅಂತ ಭಾಷೆ ತಗೊಂಡ್ರು. ಇವತ್ತು ಅವ್ರ ತಿಥಿ ದಿನಾನೇ ಭಾಷೆ ಮುರಿದೆ. ಸತ್ತೋಗ್ತೀನಿ ಅನ್ನೋ ಭಯಕ್ಕಲ್ಲ. ನೀನು ಕುಡ್ಲು ಬೀಸಿದಾಗ ನಿಂಗೂ ಉರೀಲಿ ಅನ್ನಿಸ್ತು.”

ಕದಿರಮ್ಮನಿಗೆ ಆ ಮಧ್ಯಾಹ್ನ ಮತ್ತೆ ಕಣ್ಣಿಗೆ ಕಟ್ಟಿತು. ಗಂಡ ಮಂಡಿಯೂರಿ ಕೂತು ಅವಳ ಮುಖ ನೋಡಿದ್ದ. ಬೇಡ ಎನ್ನುವಂತೆ ಒಂದು ಕೈ ಎತ್ತಿದ್ದ. ಇಷ್ಟು ವರ್ಷ ಅವಳು ಆ ಕೈಯನ್ನು, ರಾಮಾಂಜಿಯನ್ನು ಬಿಡಬೇಡ ಎಂದು ತೋರಿಸಿದ ಕೈ ಎಂದೇ ತಿಳಿದಿದ್ದಳು. ಚೂರಿ ಕಿತ್ತಾಗ ಬಿಸಿ ರಕ್ತ ಅವಳ ಮೊಣಕೈವರೆಗೆ ಚಿಮ್ಮಿತ್ತು. ಅವಳು ಗಂಡನ ಕಡೆ ತಿರುಗಿಯೂ ನೋಡದೆ ರಾಮಾಂಜಿನಪ್ಪನ ಕಡೆ ಹಾರಿದ್ದಳು.

ಅವಳ ಹಿಡಿತ ಸಡಿಲವಾಯಿತು. ರುಕ್ಮಿಣಮ್ಮ, “ಇನ್ನೂ ನಾಲ್ಕು ಇದೆ, ಬಿಡಬೇಡ,” ಎಂದಳು. ಅವಳು ಬಿಡಲಿಲ್ಲ. ಹೊಲಿಗೆ ಮುಗಿದು ದಾರ ಕತ್ತರಿಸುವವರೆಗೂ ಹಿಡಿದಿದ್ದು, ಆಮೇಲೆ ಕೈಯನ್ನು ಸೀರೆಗೆ ಒರೆಸಿಕೊಂಡು ರಾಮಾಂಜಿನಪ್ಪನ ಎದುರು ನಿಂತಳು.

“ಕಿತ್ತೋಳು ನಾನೇ. ಒಪ್ಪಿದೆ. ಕೀಳೋಕೆ ಅಲ್ಲಿ ಚೂರಿ ಇಟ್ಟೋರು ಯಾರು?”

ಅವನು ಹೊಲಿದ ಕೈಯನ್ನು ಎದೆಗೆ ಅವಚಿಕೊಂಡ.

“ನಿನ್ನ ಮೇಲಿನ ಹಗೆ ಗುಲಗಂಜಿಯಷ್ಟೂ ಕಮ್ಮಿ ಆಗಿಲ್ಲ. ಇವತ್ತು ಅದಕ್ಕೆ ನನ್ನನ್ನೂ ಸೇರಿಸಿದೀಯ, ಅಷ್ಟೇ. ನಾನು ಬದುಕಿರೋ ತನಕ ಊರ ಕಡೆ ತಲೆ ಹಾಕ್ಬೇಡ.”

ಹೊರಗೆ ಬಂದಾಗ ಪಂಕ್ತಿ ಕೂತಿತ್ತು. ಫೋಟೋದ ಮುಂದೆ ಅವಳ ಕಾಲು ತಾನಾಗಿ ನಿಂತಿತು. ಕೈ ಮುಗಿಯಲು ಹೋಯಿತು, ಆಗಲಿಲ್ಲ. ಆ ಮನುಷ್ಯನ ಮೇಲೆ ಅವಳಿಗೆ ಈಗ ಬಂದ ಸಿಟ್ಟು ಆರು ವರ್ಷದಲ್ಲಿ ಎಂದೂ ಬಂದಿರಲಿಲ್ಲ. ಹೇಳಬಹುದಿತ್ತು. ಮಗಳ ಮಂಚದ ಹತ್ತಿರ ದಿನಕ್ಕೆರಡು ಸಲ ಬರುತ್ತಿದ್ದವರು ಒಂದು ಸಲ ಬಾಯಿ ಬಿಟ್ಟು ಹೇಳಬಹುದಿತ್ತು. ಹೇಳದೆ, ಅವಳ ಬಾಯಿಂದ ಶಾಪ ಹಾಕಿಸಿಕೊಂಡು, ಕಾಲ ಬಳಿ ಉಗುಳಿಸಿಕೊಂಡು, ಅದನ್ನು ಹಿಂದಕ್ಕೆ ತೆಗೆದುಕೊಳ್ಳಲೂ ಬಿಡದೆ ಹೋಗಿಬಿಟ್ಟರು.

“ಉಂಡು ಹೋಗಮ್ಮ,” ಎಂದು ಬಡಿಸುವವನೊಬ್ಬ ಎಲೆ ತೋರಿಸಿದ. ಅವಳು ಉಣ್ಣದೆ ನಡೆದಳು.

ರಾಮಾಂಜಿನಪ್ಪ ಕೇಳಿದವರಿಗೆಲ್ಲ ಬಾವಿಯ ರಾಟೆಯ ಕಬ್ಬಿಣ ಗೀರಿತೆಂದು ಹೇಳಿದನಂತೆ. ಸೋಂಪುರಕ್ಕೆ ಹಿಂದಿರುಗಿದವನು ಮತ್ತೆ ಈ ಕಡೆ ಕಾಣಿಸಲಿಲ್ಲ. ಅವನ ಪಾಲಿನ ಗದ್ದೆಯನ್ನು ಅವನ ತಮ್ಮ ಗೇಯ್ದ.

ಕದಿರಮ್ಮ ಮಾರನೇ ಬೆಳಿಗ್ಗೆ ಅತ್ತೆಯ ಎದುರು ಕೂತು ಎಲ್ಲವನ್ನೂ ಹೇಳಿದಳು. ಚೂರಿ ಕಿತ್ತಿದ್ದು ತಾನು. ಕೀಳದಿದ್ದರೆ ನಿಮ್ಮ ಮಗ ಬದುಕುತ್ತಿದ್ದ. ಪಿಳ್ಳಮ್ಮ ಕೇಳಿಸಿಕೊಂಡಳು. ಎದ್ದು ಹಸುವಿಗೆ ಹುಲ್ಲು ಹಾಕಲು ಹೋದಳು. ಅವತ್ತಿನಿಂದ ಸೊಸೆಯ ಜೊತೆ ಮಾತಿಲ್ಲ. ತನ್ನ ಮುದ್ದೆಯನ್ನು ತಾನೇ ತೊಳಸಿಕೊಂಡು ಉಂಡಳು, ಹಜಾರದಲ್ಲಿ ಬೇರೆ ಮಲಗಿದಳು. ಹನ್ನೆರಡು ದಿನ ಹಾಗೇ ನಡೆಯಿತು.

ಹದಿಮೂರನೇ ದಿನ ಕದಿರಮ್ಮ ಕಣದಲ್ಲಿ ರಾಗಿ ತೂರುತ್ತಿದ್ದಾಗ ಪಿಳ್ಳಮ್ಮ ಬಂದು ರಾಶಿಯ ಆ ಕಡೆ ಕೂತಳು. ಒಂದು ಹಿಡಿ ರಾಗಿ ಎತ್ತಿ ಅಂಗೈಯಲ್ಲಿ ಉಜ್ಜಿದಳು.

“ಬದುಕ್ತಿದ್ದ ಅಂತ ಡಾಕ್ಟ್ರೇ ಅಂದ್ರಾ?”

“ಹೂಂ ಅತ್ತೆ.”

ಪಿಳ್ಳಮ್ಮ ಕೈಯಲ್ಲಿದ್ದ ಹೊಟ್ಟನ್ನು ಊದಿದಳು.

“ಅಲ್ಲಿ ನಾನಿದ್ದಿದ್ರೂ ಕೀಳ್ತಿದ್ದೆ ಕಣಮ್ಮಿ. ಹೆತ್ತೋಳು, ಮಗನ ಮೈಯಾಗೆ ಕಬ್ಬಿಣ ನೋಡ್ಕಂಡು ಹೆಂಗಿರ್ತಿದ್ದೆ?” ಎಂದಳು. ಮತ್ತೆ, “ಆ ಡಾಕ್ಟ್ರು ಪುಣ್ಯಾತ್ಮ. ಅವ್ರಿಗೆ ಬೈಯೋದು ಇನ್ನಾದ್ರೂ ಬಿಡು,” ಎಂದಳು.

“ಬಿಟ್ಟೆ ಅತ್ತೆ.”

“ಆ ರಾಮಾಂಜೀನ ಮಾತ್ರ ನಮ್ಮ ಹೊಸಲು ತುಳಿಯೋಕೆ ಬಿಡ್ಬ್ಯಾಡ. ನಾನು ಸತ್ತ ಮೇಲೂ ಬಿಡ್ಬ್ಯಾಡ.”

“ಬಿಡಲ್ಲ,” ಎಂದಳು ಕದಿರಮ್ಮ.